ಎಂಜಿನ್ ನಿಂತ ವಿಮಾನ ಮತ್ತು ವರ್ತುಲ ಚಲನೆಯ ಪಾಠ

ಪ್ರಥಮ ಪಿಯುಸಿಗೆ ವರ್ತುಲ ಚಲನೆಯ ಪಾಠ ಮಾಡುವಾಗ ಯಾರಾದರೂ ಒಬ್ಬರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ: "ಸರ್, ಆಕಾಶದಲ್ಲಿ ಎಂಜಿನ್ ನಿಂತರೆ ವಿಮಾನ ಕಲ್ಲಿನ ಹಾಗೆ ಬೀಳುತ್ತದಾ?"

ಬೀಳುವುದಿಲ್ಲ. ವಿಮಾನವನ್ನು ಎತ್ತಿ ಹಿಡಿಯುವುದು ರೆಕ್ಕೆಯ ಸುತ್ತ ಹರಿಯುವ ಗಾಳಿ. ಎಂಜಿನ್ ನಿಂತಾಗ ಪೈಲಟ್ ಮೂಗನ್ನು ಸ್ವಲ್ಪ ತಗ್ಗಿಸಿದರೆ, ಎತ್ತರದಲ್ಲಿರುವ ಪ್ರಚ್ಛನ್ನ ಶಕ್ತಿ ಖರ್ಚಾಗುತ್ತ ವೇಗ ಉಳಿಯುತ್ತದೆ. ಸಣ್ಣ ವಿಮಾನ ಹೀಗೆ ಜಾರುತ್ತ ಸಾಕಷ್ಟು ದೂರ ಹೋಗಬಲ್ಲದು. ಅಪಾಯ ಇರುವುದು ಬೇರೆ ಕಡೆ, ಹಿಂದಕ್ಕೆ ತಿರುಗುವ ಆಸೆಯಲ್ಲಿ.

2015ರ ಮಾರ್ಚ್ 5ರಂದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನಡೆದ ಘಟನೆ ನೋಡಿ. ಹಾಲಿವುಡ್ ನಟ ಹ್ಯಾರಿಸನ್ ಫೋರ್ಡ್, ಆಗ 72 ವರ್ಷ, 1942ರಲ್ಲಿ ತಯಾರಾದ ತಮ್ಮ ಎರಡು ಸೀಟಿನ ರಯಾನ್ ತರಬೇತಿ ವಿಮಾನದಲ್ಲಿ ಸಾಂಟಾ ಮೋನಿಕಾ ನಿಲ್ದಾಣದಿಂದ ಒಬ್ಬರೇ ಮೇಲೇರಿದರು. ಸ್ವಲ್ಪ ಹೊತ್ತಿಗೇ ಎಂಜಿನ್ ಶಕ್ತಿ ಕಳೆದುಕೊಂಡಿತು. ವಾಪಸು ಬರುತ್ತಿದ್ದೇನೆ ಎಂದು ನಿಯಂತ್ರಣ ಗೋಪುರಕ್ಕೆ ತಿಳಿಸಿ ಎಡಕ್ಕೆ ತಿರುಗಿದರು. ರನ್‌ವೇ ಮುಟ್ಟುವುದಿಲ್ಲ ಎಂದು ಗೊತ್ತಾದಾಗ ಹತ್ತಿರದ ಗಾಲ್ಫ್ ಮೈದಾನವನ್ನು ಆರಿಸಿಕೊಂಡರು. ವಿಮಾನ ಮರದ ತುದಿಗೆ ತಾಗಿ ನೆಲಕ್ಕಪ್ಪಳಿಸಿತು. ಮೂಳೆ ಮುರಿದರೂ ಜೀವ ಉಳಿಯಿತು. ಕೆಳಗಿದ್ದ ಯಾರಿಗೂ ಪೆಟ್ಟಾಗಲಿಲ್ಲ.

ರನ್‌ವೇಯ ಆಸೆ ಬಿಟ್ಟ ಆ ನಿರ್ಧಾರ ಎಷ್ಟು ದೊಡ್ಡದು ಎಂಬುದಕ್ಕೆ ನಮ್ಮ ಪಾಠದ ಲೆಕ್ಕವೇ ಸಾಕು.

ತಿರುಗಬೇಕಾದರೆ ವಿಮಾನ ಒಂದು ಪಕ್ಕಕ್ಕೆ ವಾಲಬೇಕು. ಆಗ ರೆಕ್ಕೆಯ ಎತ್ತುವ ಬಲವೂ ಓರೆಯಾಗುತ್ತದೆ. ಅದರ ಅಡ್ಡ ಭಾಗ ಕೇಂದ್ರಾಭಿಮುಖ ಬಲ, ನೇರ ಭಾಗ ತೂಕವನ್ನು ಹೊರುವ ಬಲ. ನೇರ ಭಾಗ ತೂಕಕ್ಕೆ ಸಮನಾಗಿಯೇ ಉಳಿಯಬೇಕೆಂದರೆ ಒಟ್ಟು ಎತ್ತುವ ಬಲ ತೂಕವನ್ನು ವಾಲಿದ ಕೋನದ ಕೊಸೈನ್‌ನಿಂದ ಭಾಗಿಸಿದಷ್ಟು ಆಗಬೇಕು. 30 ಡಿಗ್ರಿಗೆ ಇದು ತೂಕದ 1.15 ಪಟ್ಟು, 45 ಡಿಗ್ರಿಗೆ 1.41 ಪಟ್ಟು, 60 ಡಿಗ್ರಿಗೆ ಸರಿಯಾಗಿ 2 ಪಟ್ಟು.

ಈ ಹೆಚ್ಚಿನ ಬಲ ಎಲ್ಲಿಂದ ಬರಬೇಕು? ರೆಕ್ಕೆಯನ್ನು ಗಾಳಿಗೆ ಇನ್ನಷ್ಟು ಎದುರಾಗಿ ಎತ್ತಬೇಕು. ಅದಕ್ಕೊಂದು ಮಿತಿ ಇದೆ, ಸುಮಾರು 15 ಡಿಗ್ರಿ. ಅದು ಮೀರಿದರೆ ಗಾಳಿ ರೆಕ್ಕೆಯ ಮೇಲ್ಮೈಯನ್ನು ಬಿಟ್ಟು ಸಿಡಿಯುತ್ತದೆ, ಎತ್ತುವ ಬಲ ಕುಸಿಯುತ್ತದೆ. ಇದಕ್ಕೆ ಸ್ಟಾಲ್ ಎನ್ನುತ್ತಾರೆ. (ಬೈಕ್ ಸ್ಟಾಲ್ ಆಯಿತು ಎನ್ನುತ್ತೇವಲ್ಲ, ಆ ಅರ್ಥವಲ್ಲ. ಇಲ್ಲಿ ನಿಲ್ಲುವುದು ಎಂಜಿನ್ ಅಲ್ಲ, ರೆಕ್ಕೆಯ ಕೆಲಸ.) ಎತ್ತುವ ಬಲ ವೇಗದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ ಸ್ಟಾಲ್ ಆಗುವ ವೇಗ ಮೇಲಿನ ಸಂಖ್ಯೆಗಳ ವರ್ಗಮೂಲದಷ್ಟು ಏರುತ್ತದೆ. ನೇರ ಹಾರಾಟದಲ್ಲಿ ಗಂಟೆಗೆ 80 ಕಿ.ಮೀ.ಗೆ ಸ್ಟಾಲ್ ಆಗುವ ವಿಮಾನ, ಎತ್ತರ ಬಿಡದೆ 60 ಡಿಗ್ರಿ ವಾಲಿ ತಿರುಗಿದರೆ 113 ಕಿ.ಮೀ.ಗೇ ಸ್ಟಾಲ್ ಆಗುತ್ತದೆ. ಎಂಜಿನ್ ಇಲ್ಲ, ವೇಗ ಕರಗುತ್ತಿದೆ, ರನ್‌ವೇ ಕಣ್ಣೆದುರಿಗಿದೆ. ಬೇಗ ತಿರುಗಲು ಪೈಲಟ್ ಜಾಸ್ತಿ ವಾಲಿಸಿ ಮೂಗೆತ್ತುತ್ತಾನೆ. ಸ್ಟಾಲ್ ಆದ ವಿಮಾನ ಒಂದು ರೆಕ್ಕೆ ಕೆಳಗಾಗಿ ಗಿರಕಿ ಹೊಡೆದರೆ, ಸರಿಪಡಿಸಿಕೊಳ್ಳಲು ಕೆಳಗೆ ಎತ್ತರವೇ ಇರುವುದಿಲ್ಲ. ಪೈಲಟ್‌ಗಳು ಇದನ್ನು "ಅಸಾಧ್ಯ ತಿರುವು" ಎಂದೇ ಕರೆಯುತ್ತಾರೆ.

ನೆಲ ಮುಟ್ಟುವ ರೀತಿಯೂ ಮುಖ್ಯ. ಗಂಟೆಗೆ 90 ಕಿ.ಮೀ. ಎಂದರೆ ಸೆಕೆಂಡಿಗೆ 25 ಮೀಟರ್. ಆ ವೇಗದಿಂದ 10 ಮೀಟರ್ ಉಜ್ಜಿಕೊಂಡು ಹೋಗಿ ನಿಂತರೆ ದೇಹದ ಮೇಲೆ ಸುಮಾರು 3 ಜಿ. ಮೂಗು ಮೊದಲಾಗಿ ಬಿದ್ದು 1 ಮೀಟರಿನಲ್ಲಿ ನಿಂತರೆ ಸುಮಾರು 32 ಜಿ.

ಫೋರ್ಡ್ ಅವರ ವಿಮಾನಕ್ಕೆ ಆದದ್ದೇನು? ತನಿಖೆಯಲ್ಲಿ ಸಿಕ್ಕಿದ್ದು ಒಂದು ಸಣ್ಣ ಬಿಡಿಭಾಗ. ಕಾರ್ಬ್ಯುರೇಟರಿನ ಮುಖ್ಯ ಜೆಟ್ ತಿರುಪು ಸಡಿಲವಾಗಿ ಸ್ಥಾನ ಬಿಟ್ಟಿತ್ತು. ಪೆಟ್ರೋಲು ಕಡಿಮೆಯಾಗಿ ಅಲ್ಲ, ಅತಿಯಾಗಿ ಹರಿದು ಎಂಜಿನ್ ಸೋತಿತು. ಭುಜದ ಬೆಲ್ಟನ್ನು ಸೀಟಿಗೆ ಸರಿಯಾದ ಬಲವರ್ಧನೆಯಿಲ್ಲದೆ ಜೋಡಿಸಿದ್ದು ಗಾಯವನ್ನು ಹೆಚ್ಚಿಸಿರಬೇಕು ಎಂದೂ ತನಿಖಾಧಿಕಾರಿಗಳು ಬರೆದರು.

ಈಗ ನಿಮಗೊಂದು ಲೆಕ್ಕ. ಒಂದು ವಿಮಾನ ಎಂಜಿನ್ ಇಲ್ಲದೆ 1 ಮೀಟರ್ ಇಳಿಯುವಷ್ಟರಲ್ಲಿ 8 ಮೀಟರ್ ಮುಂದೆ ಹೋಗುತ್ತದೆ. 200 ಮೀಟರ್ ಎತ್ತರದಲ್ಲಿ ಎಂಜಿನ್ ನಿಂತಿದೆ. ಹಿಂದಕ್ಕೆ ತಿರುಗುವುದಕ್ಕೇ 100 ಮೀಟರ್ ಎತ್ತರ ಖರ್ಚಾಗುತ್ತದೆ. ತಿರುಗಿದ ಮೇಲೆ ರನ್‌ವೇ 1.2 ಕಿ.ಮೀ. ದೂರ. ಮುಟ್ಟುತ್ತದೆಯೇ? ಇಲ್ಲವಾದರೆ ಎಷ್ಟು ಎತ್ತರದಲ್ಲಿ ಎಂಜಿನ್ ನಿಂತಿದ್ದರೆ ಮುಟ್ಟುತ್ತಿತ್ತು? ಉತ್ತರ ಬರೆದು ಸ್ಟಾಫ್ ರೂಮಿಗೆ ತನ್ನಿ.