ಮುಸುಕಿನ ಜೋಳ: ಹೊಲದಿಂದ ಕಾರ್ಖಾನೆಗೆ

ತೆನೆಯನ್ನು ಹಲವು ಪದರಗಳ ಸಿಪ್ಪೆಯು ಮುಚ್ಚಿಕೊಂಡಿರುವುದರಿಂದ ಈ ಧಾನ್ಯಕ್ಕೆ ನಮ್ಮ ಸೀಮೆಯಲ್ಲಿ ಮುಸುಕಿನ ಜೋಳವೆಂಬ ಹೆಸರು ಬಂದಿದೆ. ಉತ್ತರ ಕರ್ನಾಟಕದವರು ಇದನ್ನೇ ಗೋವಿನಜೋಳವೆನ್ನುವರು. ಸರ್ಕಾರಿ ಕಾಗದಪತ್ರಗಳಲ್ಲಿ ಇದು ಮೆಕ್ಕೆಜೋಳ. ಸುಮಾರು 9000 ವರ್ಷಗಳ ಹಿಂದೆ ಮೆಕ್ಸಿಕೋ ದೇಶದಲ್ಲಿ ಕೃಷಿಗೊಳಪಟ್ಟ ಇದು ಅಲ್ಲಿಯ ಜನರಿಗೆ ಇಂದಿಗೂ ನಿತ್ಯದ ಆಹಾರ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಹಾಗಲ್ಲ. ಎಳೆಯ ತೆನೆಯನ್ನು ಕೆಂಡದಲ್ಲಿ ಸುಟ್ಟು ತಿನ್ನುವುದನ್ನುಳಿದರೆ, ಬೆಳೆದವನ ಮನೆಯ ಒಲೆಯ ಮೇಲೆ ಈ ಕಾಳು ಏರುವುದು ಅಪರೂಪ.

ಹಾಗಾದರೆ ಇದು ಹೋಗುವುದೆಲ್ಲಿಗೆ? ದೊಡ್ಡ ಪಾಲು ಕೋಳಿ ಮತ್ತು ರಾಸುಗಳ ಆಹಾರ ತಯಾರಿಸುವ ಗಿರಣಿಗಳಿಗೆ ಸಲ್ಲುತ್ತದೆ. ಮತ್ತೊಂದು ಪಾಲು ಪಿಷ್ಟದ ಕಾರ್ಖಾನೆಗಳಿಗೆ. ಅಲ್ಲಿ ಕಾಳನ್ನು ಗಂಧಕದ ಡೈಆಕ್ಸೈಡ್ ಬೆರೆಸಿದ ಬೆಚ್ಚನೆಯ ನೀರಿನಲ್ಲಿ ಒಂದೆರಡು ದಿನ ನೆನೆಸಿ ಒಡೆಯುವರು. ಮೊಳಕೆಯ ಭಾಗದಿಂದ ಎಣ್ಣೆ ಬರುತ್ತದೆ. ಹೊಟ್ಟೂ ಸಸಾರಜನಕವೂ ಪಶು ಆಹಾರಕ್ಕೆ ಸೇರುತ್ತವೆ. ನೂರು ಕಿಲೋ ಕಾಳಿನಿಂದ ಸುಮಾರು 65 ಕಿಲೋ ಪಿಷ್ಟ ದೊರೆಯುವುದು. ಅದಕ್ಕೆ ಕಿಣ್ವಗಳನ್ನು ಸೇರಿಸಿದರೆ ದ್ರವ ಗ್ಲೂಕೋಸ್ ಸಿದ್ಧವಾಗುತ್ತದೆ. ಮಿಠಾಯಿಯ ಸಿಹಿಪಾಕ, ಔಷಧದ ಗುಳಿಗೆಯನ್ನು ಹಿಡಿದಿಡುವ ಅಂಟು, ನೇಯ್ಗೆಯ ನೂಲಿಗೆ ಹಾಕುವ ಗಂಜಿ, ಇವೆಲ್ಲವುಗಳಲ್ಲಿ ಈ ಕಾಳುಂಟು. ಕಸ್ಟರ್ಡ್ ಪುಡಿಯನ್ನು ಮೊಟ್ಟೆಯಿಂದ ಮಾಡುವರೆಂದು ಭಾವಿಸಿ ದೂರವಿಡುವ ಹಿರಿಯರನ್ನು ನಾವು ಕಂಡಿದ್ದೇವೆ. ಸಾಮಾನ್ಯವಾಗಿ ಅದು ಬಣ್ಣ ಮತ್ತು ಪರಿಮಳ ಬೆರೆಸಿದ ಮುಸುಕಿನ ಜೋಳದ ಪಿಷ್ಟವೇ ಹೊರತು ಬೇರೇನಲ್ಲ.

ಈಚೆಗೆ ಮೂರನೆಯ ಗಿರಾಕಿಯೊಬ್ಬನು ಬಂದಿದ್ದಾನೆ. ಪೆಟ್ರೋಲಿಗೆ ಶೇಕಡ 20 ಎಥನಾಲ್ ಬೆರೆಸುವ ಗುರಿಯನ್ನು ಕೇಂದ್ರ ಸರ್ಕಾರವು ಹಾಕಿಕೊಂಡಿತು. 2023ರ ಡಿಸೆಂಬರಿನಲ್ಲಿ ಕಬ್ಬಿನ ರಸದ ಬಳಕೆಗೆ ನಿರ್ಬಂಧ ಬಿದ್ದಾಗ ಮುಸುಕಿನ ಜೋಳವೇ ಎಥನಾಲಿನ ಮುಖ್ಯ ಕಚ್ಚಾವಸ್ತುವಾಯಿತು. ಒಂದು ಟನ್ ಕಾಳಿನಿಂದ ಸುಮಾರು 380 ಲೀಟರ್ ಎಥನಾಲ್ ಇಳಿಯುತ್ತದೆ. ಅಮೆರಿಕದಲ್ಲಂತೂ ಬೆಳೆದುದರಲ್ಲಿ ಮೂರನೆಯ ಒಂದು ಪಾಲಿಗೂ ಮಿಕ್ಕಿ ಈ ದಾರಿ ಹಿಡಿಯುತ್ತದೆ.

ರೈತನು ಈ ಬೆಳೆಯನ್ನು ಆರಿಸಿಕೊಂಡುದು ಅವಿವೇಕದಿಂದಲ್ಲ. ರಾಗಿಯ ಕಳೆ, ಕೊಯ್ಲು, ಒಕ್ಕಣೆಗೆ ಬೇಕಾಗುವಷ್ಟು ಆಳು ಇದಕ್ಕೆ ಬೇಡ. ಆದರೆ ಸೂಲಂಗಿ ಒಡೆಯುವ ಹೊತ್ತಿಗೆ ಮಳೆ ಕೈಕೊಟ್ಟರೆ ತೆನೆಯಲ್ಲಿ ಕಾಳು ಕಟ್ಟುವುದಿಲ್ಲ. ಪಾವಗಡ, ಸಿರಾಗಳಂತಹ ಬರದ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. 2018ರಲ್ಲಿ ಕರ್ನಾಟಕದಲ್ಲಿ ಮೊದಲು ಕಾಣಿಸಿಕೊಂಡ ಫಾಲ್ ಸೈನಿಕ ಹುಳುವಿನ ಕಾಟ ಬೇರೆ.

ರಾಗಿಯ ಹೊಲದಲ್ಲಿ ಅಕ್ಕಡಿ ಸಾಲಿನ ಅವರೆ, ತೊಗರಿ ಮನೆಯ ಸಾರಿಗಾಗುತ್ತಿದ್ದವು. ಹಗೇವಿಗೆ ತುಂಬಿದ ರಾಗಿಯು ವರ್ಷಗಟ್ಟಲೆ ಹುಳು ಹಿಡಿಯದೆ ಉಳಿಯುತ್ತಿತ್ತು. ಬೆಲೆ ಇಳಿದ ವರ್ಷ ಮಾರದೆ ಉಣ್ಣಬಹುದಾಗಿತ್ತು. ಈಗಲೂ ಬೆಂಬಲ ಬೆಲೆಗೆ ಕೊಂಡ ರಾಗಿಯು ನ್ಯಾಯಬೆಲೆ ಅಂಗಡಿಗೆ ಸಲ್ಲುತ್ತದೆ. ಮುಸುಕಿನ ಜೋಳದವನಿಗೆ ಈ ಎರಡು ಆಸರೆಗಳೂ ಇಲ್ಲ. ಕಾಳಿನ ತೇವಾಂಶ ಶೇಕಡ 14ಕ್ಕಿಂತ ಹೆಚ್ಚಿದ್ದರೆ ಬೂಷ್ಟು ಹಿಡಿಯುವುದೆಂದು ವ್ಯಾಪಾರಿಯು ಬೆಲೆ ಕಡಿಯುತ್ತಾನೆ. ರಸ್ತೆಯ ಮೇಲೆ ಹರವಿ ಒಣಗಿಸುತ್ತಿರುವಾಗ ಕಾರ್ತಿಕದ ಮೋಡ ಕವಿದರೆ ಅವನ ಪಾಡು ಹೇಳತೀರದು.

2025-26ರ ಬೆಂಬಲ ಬೆಲೆ ಕ್ವಿಂಟಾಲಿಗೆ 2400 ರೂಪಾಯಿ. ಆ ವರ್ಷದ ನವೆಂಬರಿನಲ್ಲಿ ರಾಜ್ಯದ ಮಾರುಕಟ್ಟೆಗಳಲ್ಲಿ ಬೆಲೆಯು ಇದಕ್ಕಿಂತ ಬಹಳ ಕೆಳಗಿಳಿದು ರೈತರು ಬೀದಿಗಿಳಿದರು. ಆಗ ಖರೀದಿಸಿರೆಂದು ರಾಜ್ಯ ಸರ್ಕಾರವು ಹೇಳಿದ್ದು ಎಥನಾಲ್ ತಯಾರಿಸುವ ಕಾರ್ಖಾನೆಗಳಿಗೆ.