ರಕ್ತದ ಹೆಪ್ಪಿಗೆ ಮೇರೆ

ಕುಡುಗೋಲು ತಗಲಿದ ಬೆರಳಿನ ರಕ್ತವು ಹೆಪ್ಪುಗಟ್ಟಿ ನಿಲ್ಲುವದನ್ನು ನಾವೆಲ್ಲರೂ ಬಲ್ಲೆವು. ಆದರೆ ಆ ಹೆಪ್ಪು ನಾಳದುದ್ದಕ್ಕೂ ಹಬ್ಬದಿರುವದು ಯಾತರಿಂದ?

ಹೆಪ್ಪುಗಟ್ಟಿಸುವ ಥ್ರಾಂಬಿನ್ ಎಂಬ ವಸ್ತುವನ್ನು, ಪಿತ್ತಜನಕಾಂಗದಲ್ಲಿ ಹುಟ್ಟುವ ಆಂಟಿಥ್ರಾಂಬಿನ್ ಎಂಬ ಪ್ರೋಟೀನು ಹಿಡಿದು ನಿಷ್ಫಲ ಮಾಡುತ್ತದೆ. ಇದಲ್ಲದೆ, ಥ್ರಾಂಬಿನ್ ಗಾಯವಿಲ್ಲದ ನಾಳದ ಒಳಗೋಡೆಗೆ ಅಂಟಿದಾಗ ತನ್ನ ಮೊದಲಿನ ಕೆಲಸವನ್ನು ಬಿಟ್ಟು, ‘ಸಿ’ ಎಂಬ ಪ್ರೋಟೀನನ್ನು ಎಚ್ಚರಿಸುತ್ತದೆ; ಇದು ‘ಎಸ್’ ಪ್ರೋಟೀನಿನ ಸಹಾಯದಿಂದ, ಹೆಪ್ಪನ್ನು ಬೆಳೆಸುವ ವಸ್ತುಗಳನ್ನು ಕತ್ತರಿಸುತ್ತದೆ. ಹೀಗೆ ಹೆಪ್ಪುಗಟ್ಟಿಸುವದೇ ಹೆಪ್ಪಿಗೆ ಮೇರೆಯನ್ನೂ ಹಾಕಿಸುತ್ತದೆ.

ನಾರ್ವೆ ದೇಶದ ಒಂದು ಕುಟುಂಬದಲ್ಲಿ ಅನೇಕರ ನಾಳಗಳು ಹೆಪ್ಪುಗಟ್ಟುತ್ತಿದ್ದದ್ದಕ್ಕೆ ಆಂಟಿಥ್ರಾಂಬಿನಿನ ಕೊರತೆಯೇ ಕಾರಣವೆಂದು ವೈದ್ಯ ಎಗೆಬರ್ಗರು 1965ರಲ್ಲಿ ತಿಳಿಸಿದರು. ಆದಕಾರಣ ಒಂದೇ ಕಾಲು ಊದಿ ನೋಯುವದಾದರೆ ಅದನ್ನು ತಿಕ್ಕದೆ, ಆ ದಿನವೇ ವೈದ್ಯರ ಬಳಿಗೆ ಹೋಗೋಣ. ಮನೆತನದಲ್ಲಿ ಯಾರಿಗಾದರೂ ಹೀಗಾಗಿದ್ದರೆ ಅದನ್ನೂ ಹೇಳೋಣ. ಯಾಕಂದರೆ ಹೆಪ್ಪಿನ ತುಂಡು ಶ್ವಾಸಕೋಶಕ್ಕೆ ಹೋದರೆ ಪ್ರಾಣಾಪಾಯವುಂಟು.