ಹಾವು ಬೇಕಾ, ಚೇಳು ಬೇಕಾ?

ಲಗೋರಿಗೆ ತಂಡ ಕಟ್ಟುವಾಗ ಮಕ್ಕಳು ಅನುಸರಿಸುವ ಹಳೆಯ ಕ್ರಮವೊಂದಿದೆ. ಹೆಚ್ಚುಕಡಿಮೆ ಒಂದೇ ಕಸುವಿನ ಇಬ್ಬರು ಜೋಡಿಯಾಗಿ, ಹೆಗಲ ಮೇಲೆ ಕೈ ಹಾಕಿಕೊಂಡು ಅಷ್ಟು ದೂರ ಹೋಗಿ, ಗುಟ್ಟಾಗಿ ಹೆಸರಿಟ್ಟುಕೊಂಡು ಬರುತ್ತಾರೆ. ಬಂದು ನಾಯಕನನ್ನು ಕೇಳುತ್ತಾರೆ: "ಹಾವು ಬೇಕಾ, ಚೇಳು ಬೇಕಾ?" ನಾಯಕ ಆರಿಸುವುದು ಹೆಸರನ್ನು, ಆಟಗಾರರನ್ನಲ್ಲ. ತಂಡಗಳು ಸಮನಾಗುತ್ತವೆ. ಕೊನೆಯವರೆಗೂ ಯಾರಿಗೂ ಬೇಡವಾಗಿ ನಿಲ್ಲುವ ಸಂಕಟ ಯಾವ ಮಗುವಿಗೂ ಇಲ್ಲ.

ನಾನು ಆಡಿಸುವ ಬೇಸಿಗೆ ಶಿಬಿರಗಳಲ್ಲಿ ಈ ಕ್ರಮ ಮತ್ತೆ ರೂಢಿಗೆ ಬಂದ ಮೇಲೆ, ನಿಧಾನವಾಗಿ ಓಡುವ ಮಕ್ಕಳೂ ತಾವಾಗಿ ಮೈದಾನಕ್ಕೆ ಇಳಿಯತೊಡಗಿದರು. 'ಎಲ್ಲರನ್ನೂ ಸೇರಿಸಿಕೊಳ್ಳಿ' ಎಂಬ ಬುದ್ಧಿಮಾತಿನಿಂದ ಆಗದ್ದು ಇದರಿಂದ ಆಯಿತು.

ಮಾತೇ ಆಡದ ಮಗುವಿಗೆ ಖೋ ಖೋದಷ್ಟು ಒಳ್ಳೆಯ ಆಟ ಇನ್ನೊಂದಿಲ್ಲವೆಂಬುದು ನನ್ನ ನಂಬಿಕೆ. ಎಂಟು ಮಂದಿ ಒಬ್ಬರು ಬಿಟ್ಟು ಒಬ್ಬರು ಎದುರು ದಿಕ್ಕಿಗೆ ಮುಖ ಮಾಡಿ ಸಾಲಾಗಿ ಕೂತಿರುತ್ತಾರೆ. ಒಂಬತ್ತನೆಯವರು ಅಟ್ಟಿಸಿಕೊಂಡು ಓಡುತ್ತಾರೆ. ಅಟ್ಟುವವರು ನಡುವಿನ ಪಟ್ಟಿ ದಾಟುವಂತಿಲ್ಲ, ಹಿಡಿದ ದಿಕ್ಕು ಬಿಟ್ಟು ಹಿಂತಿರುಗುವಂತಿಲ್ಲ. ಎದುರಾಳಿ ಆಚೆ ಬದಿಗೆ ನುಸುಳಿದರೆ, ಕೂತವರ ಬೆನ್ನು ಮುಟ್ಟಿ 'ಖೋ' ಎಂದು ಕೂಗಿ ತಾವು ಅಲ್ಲಿ ಕೂರಬೇಕು. ಎಷ್ಟೇ ಚುರುಕಿನ ಹುಡುಗನೂ ಒಬ್ಬನೇ ಗೆಲ್ಲಲಾರ.

ಶಿಬಿರಕ್ಕೆ ಬಂದ ಒಬ್ಬ ಹುಡುಗಿ ಮೊದಮೊದಲು ಬೆನ್ನು ಮುಟ್ಟುತ್ತಿದ್ದಳು, ದನಿ ಮಾತ್ರ ಹೊರಡುತ್ತಿರಲಿಲ್ಲ. ಕೂತವರು ಏಳಲಿಲ್ಲ. "ಕೂಗೇ, ಜೋರಾಗಿ ಕೂಗೇ!" ಎಂದು ಅವರೇ ಹುರಿದುಂಬಿಸಿದರು. ಕೂಗಿದಳು. "ಯಾಕಮ್ಮಾ ಮಾತಾಡಲ್ಲ?" ಎಂದು ದೊಡ್ಡವರು ಕೇಳಿದಾಗೆಲ್ಲ ಮುದುಡಿಕೊಳ್ಳುತ್ತಿದ್ದವಳು ಅವಳು. ಇಲ್ಲಿ ಕೂಗುವುದು ಆಟದ ನಿಯಮವಾಗಿತ್ತು.

ಇನ್ನು ಜಗಳ. ಚೆಂಡು ತಾಗಿತೋ ಇಲ್ಲವೋ, ಏಳೂ ಕಲ್ಲು ನಿಂತವೋ ಇಲ್ಲವೋ ಎಂಬ ವಾದ ಹುಟ್ಟದ ಲಗೋರಿಯೇ ಇಲ್ಲ. ಪಕ್ಕದಲ್ಲಿ ನಿಂತ ಅಪ್ಪ ಅಮ್ಮಂದಿರು ಕೂಡಲೇ ನ್ಯಾಯ ಹೇಳಲು ಧಾವಿಸುತ್ತಾರೆ. ತಾಳಬೇಕು. ಹೊಡೆದಾಟಕ್ಕೆ ಇಳಿದರೆ, ಇಲ್ಲವೇ ಹಲವರು ಸೇರಿ ಒಬ್ಬನನ್ನು ಕಾಡುತ್ತಿದ್ದರೆ ನಡುವೆ ಹೋಗಲೇಬೇಕು, ಅದು ಬೇರೆ. ಮಿಕ್ಕಂತೆ, ಆಟ ನಿಂತುಹೋದೀತೆಂಬ ಭಯವೇ ಮಕ್ಕಳನ್ನು ರಾಜಿಗೆ ತರುತ್ತದೆ: "ಆಯ್ತು, ಇನ್ನೊಂದ್ಸಲ ಹೊಡಿ."

ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ಗೋಲಿಯಾಡುವ ಹುಡುಗರಿಂದಲೇ ಆಟದ ನಿಯಮಗಳನ್ನು ಕೇಳಿ ತಿಳಿದು, 1932ರಲ್ಲಿ ಹೊರಬಂದ ಪುಸ್ತಕದಲ್ಲಿ ಅದನ್ನು ವಿವರಿಸಿದರು. ಚಿಕ್ಕವರಿಗೆ ನಿಯಮವೆಂದರೆ ದೊಡ್ಡವರು ಕೊಟ್ಟದ್ದು, ಮುಟ್ಟಬಾರದ್ದು. ಹನ್ನೊಂದು ಹನ್ನೆರಡರ ಹೊತ್ತಿಗೆ ಎಲ್ಲರೂ ಒಪ್ಪಿದರೆ ಬದಲಿಸಬಹುದಾದದ್ದು. ಈ ತಿಳಿವಳಿಕೆ ಬೆಳೆಯುವುದು ಮುಖ್ಯವಾಗಿ ಓರಗೆಯವರ ಒಡನಾಟದಲ್ಲಿ ಎಂದು ಅವರು ವಾದಿಸಿದರು.

ಅಣ್ಣನ ಬೆನ್ನುಹತ್ತಿ ಬಂದ ನಾಲ್ಕು ವರ್ಷದ ತಂಗಿಗೂ ಮಕ್ಕಳ ಕಾನೂನಿನಲ್ಲಿ ಜಾಗವಿದೆ. ಅವಳು ಆಟಕ್ಕುಂಟು, ಲೆಕ್ಕಕ್ಕಿಲ್ಲ. ಓಡಬಹುದು, ಔಟಾಗುವುದಿಲ್ಲ. ಅವಳತ್ತ ಚೆಂಡು ಮೆಲ್ಲಗೆ ಬರುತ್ತದೆ. ಅವಳನ್ನು ಲೆಕ್ಕಕ್ಕೆ ಸೇರಿಸಿಕೊಳ್ಳುವುದು ಯಾವಾಗ ಎಂಬುದನ್ನೂ ಅವರೇ ತೀರ್ಮಾನಿಸುತ್ತಾರೆ.

ಇಷ್ಟಕ್ಕೆಲ್ಲ ಬೇಕಾದದ್ದು ಬಯಲು ಮತ್ತು ಬಿಡುವು. ಅಪಾರ್ಟ್‌ಮೆಂಟಿನ ಅಂಗಳದಲ್ಲಿ 'ಇಲ್ಲಿ ಆಟವಾಡಬಾರದು' ಎಂದು ಫಲಕ ಹಾಕಿರುವವರು ಸಂಜೆ ಒಂದು ಗಂಟೆಯ ಮಟ್ಟಿಗಾದರೂ ಅದನ್ನು ತೆಗೆದಿಡಲಿ. ಕಾರುಗಳನ್ನು ತುಸು ಸರಿಸಿದರೆ ಲಗೋರಿಗೆ ಜಾಗ ಸಿಕ್ಕೇ ಸಿಗುತ್ತದೆ.